ಸಮಬಲವೆಂಬ ನೆಪ

2025ರ ನವೆಂಬರ್ 22ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಅಮೆರಿಕದ ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ಲೀಗಿನ ಅಂತಿಮ ಪಂದ್ಯ ನಡೆಯಿತು. ನಮ್ಮಲ್ಲಿ ಆಗ ಭಾನುವಾರದ ಬೆಳಗು. ಒಂದು ಕಡೆ ಗೋಥಮ್, ಇನ್ನೊಂದು ಕಡೆ ವಾಷಿಂಗ್ಟನ್ ಸ್ಪಿರಿಟ್. ಬಹಳ ಹೊತ್ತು ಗೋಲಿಲ್ಲದೆ ಸಾಗಿದ ಆಟ 80ನೆಯ ನಿಮಿಷದಲ್ಲಿ ರೋಸ್ ಲವೆಲ್ ಅವರ ಎಡಗಾಲಿನಿಂದ ಹೊರಟ ಒಂದೇ ಒಂದು ಹೊಡೆತದಿಂದ ತೀರ್ಮಾನವಾಯಿತು. ಎಂಟು ತಂಡಗಳ ನಾಕೌಟ್ ಸುತ್ತಿಗೆ ಎಂಟನೆಯದಾಗಿ, ಅಂದರೆ ಕೊನೆಯದಾಗಿ ಪ್ರವೇಶ ಪಡೆದಿದ್ದ ಗೋಥಮ್ ಪ್ರಶಸ್ತಿಯನ್ನು ಹೊತ್ತೊಯ್ದಿತು. ಮರುದಿನದ ಹೊಗಳಿಕೆಯೆಲ್ಲ ಒಂದೇ ಧಾಟಿಯಲ್ಲಿತ್ತು: ನೋಡಿ, ಈ ಲೀಗಿನಲ್ಲಿ ಯಾರು ಯಾರನ್ನು ಬೇಕಾದರೂ ಸೋಲಿಸಬಹುದು, ಇದೇ ಸಮಬಲ, ನಮ್ಮ ನಿಯಮಗಳು ಕಾಪಾಡಿಕೊಂಡು ಬಂದ ಐಶ್ವರ್ಯ ಇದು.

ಈ ಹೊಗಳಿಕೆಯನ್ನು ನಾನು ಒಪ್ಪುವುದಿಲ್ಲ. ಗೋಥಮ್ ಗೆದ್ದದ್ದು ಸೊಗಸಾದ ಸಂಗತಿಯೇ. ಆದರೆ ಆ ಗೆಲುವನ್ನು ತೋರಿಸಿ ತಂಡದ ಪಟ್ಟಿಯ ನಿಯಮಗಳನ್ನು ಪೂಜಿಸುವುದು, ಮಳೆ ಬಂದದ್ದಕ್ಕೆ ಛತ್ರಿಯ ಅಂಗಡಿಯವನಿಗೆ ಹಾರ ಹಾಕಿದಂತೆ.

ಆ ದಿನ ಕ್ರೀಡಾಂಗಣದಲ್ಲಿ ಕುಳಿತಿದ್ದ ಬಹುಪಾಲು ಜನರ ಮನಸ್ಸಿನಲ್ಲಿ ಇದ್ದ ಪ್ರಶ್ನೆ ಯಾರು ಗೆಲ್ಲುತ್ತಾರೆ ಎಂಬುದಷ್ಟೇ ಆಗಿರಲಿಲ್ಲ. ಮೊಣಕಾಲಿನ ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ಟ್ರಿನಿಟಿ ರಾಡ್‌ಮನ್ ದ್ವಿತೀಯಾರ್ಧದಲ್ಲಿ ಬದಲಿ ಆಟಗಾರ್ತಿಯಾಗಿ ಕಣಕ್ಕಿಳಿದರು. ವಾಷಿಂಗ್ಟನ್ ಪರವಾಗಿ ಇದು ಅವರ ಕೊನೆಯ ಆಟವೇ? ಅವರ ಕರಾರು ಆ ವರ್ಷಕ್ಕೆ ಮುಗಿಯುತ್ತಿತ್ತು. 2021ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಡ್ರಾಫ್ಟ್ ಎಂಬ ಹಂಚಿಕೆಯಲ್ಲಿ ಎರಡನೆಯ ಸರದಿಯಾಗಿ ವಾಷಿಂಗ್ಟನ್ ಪಾಲಿಗೆ ಬಂದ ಹುಡುಗಿ ಇವರು. ಅದೇ ವರ್ಷ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟವರಲ್ಲಿ ಒಬ್ಬರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ಮುಂಪಡೆಯ ಮೂವರಲ್ಲಿ ಒಬ್ಬರು. ಅವರು ಉಳಿಯಲು ಸಿದ್ಧರಿದ್ದರು. ತಂಡ ಉಳಿಸಿಕೊಳ್ಳಲು ಸಿದ್ಧವಿತ್ತು. ಒಡತಿ ಮಿಶೆಲ್ ಕಾಂಗ್ ಹಣ ಕೊಡಲು ಸಿದ್ಧರಿದ್ದರು. ಅಡ್ಡ ಬಂದದ್ದು ನಿಯಮ.

ನಿಯಮ ಇಷ್ಟು: 22ರಿಂದ 26 ಆಟಗಾರ್ತಿಯರ ಒಂದು ತಂಡ 2025ರಲ್ಲಿ ಸಂಬಳಕ್ಕೆಂದು ಒಟ್ಟು 33 ಲಕ್ಷ ಡಾಲರನ್ನು ಮೂಲ ಮಿತಿಯಾಗಿ ಇಟ್ಟುಕೊಳ್ಳಬೇಕು. 2026ಕ್ಕೆ ಈ ಮಿತಿ 35 ಲಕ್ಷ. ಒಬ್ಬರಿಗೇ ವರ್ಷಕ್ಕೆ ಹತ್ತು ಲಕ್ಷ ಕೊಟ್ಟರೆ ಮಿಕ್ಕ ಇಪ್ಪತ್ತೈದು ಮಂದಿಗೆ ತಲಾ ಒಂದು ಲಕ್ಷ ಡಾಲರ್ ಉಳಿಯುತ್ತದೆ, ಅಷ್ಟೇ. ವರದಿಗಳ ಪ್ರಕಾರ ವಾಷಿಂಗ್ಟನ್ ಮತ್ತು ರಾಡ್‌ಮನ್ ನಡುವೆ ಒಂದು ಒಪ್ಪಂದ ಆಗಿಯೂ ಇತ್ತು. ಹೆಚ್ಚಿನ ಹಣವನ್ನು ಕರಾರಿನ ಕೊನೆಯ ವರ್ಷಗಳಿಗೆ ತಳ್ಳಿ, ಅಷ್ಟರಲ್ಲಿ ಮಿತಿಯೂ ಏರುತ್ತದೆಂಬ ಲೆಕ್ಕಾಚಾರದ ಮೇಲೆ ನಿಂತ ಒಪ್ಪಂದ. ಲೀಗಿನ ಆಯುಕ್ತೆ ಜೆಸಿಕಾ ಬರ್ಮನ್ ಅದನ್ನು ತಳ್ಳಿಹಾಕಿದರು. ಅಕ್ಷರಕ್ಕೆ ಭಂಗವಿಲ್ಲದಿದ್ದರೂ ನಿಯಮದ ಆಶಯಕ್ಕೆ ಭಂಗ ಬರುತ್ತದೆ ಎಂಬ ಕಾರಣ ಹೊರಗೆ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಆಟಗಾರ್ತಿಯರ ಸಂಘ ಇದರ ವಿರುದ್ಧ ಅಧಿಕೃತ ತಕರಾರು ದಾಖಲಿಸಿತು.

ನಿಯಮದ ಆಶಯ! ಈ ಮಾತಿನ ಸಿಪ್ಪೆ ಸುಲಿದು ನೋಡಬೇಕು.

ಅದೇ ಫೈನಲಿನಲ್ಲಿ ಗೋಥಮ್ ಪರವಾಗಿ ಆಡಿದವರಲ್ಲಿ ಜೇಡಿನ್ ಶಾ ಒಬ್ಬರು. ಸೆಮಿಫೈನಲಿನಲ್ಲಿ ಒರ್ಲ್ಯಾಂಡೋ ವಿರುದ್ಧ ಹೆಚ್ಚುವರಿ ನಿಮಿಷಗಳಲ್ಲಿ ಫ್ರೀ ಕಿಕ್ ಹೊಡೆದು ತಂಡವನ್ನು ಅಂತಿಮ ಪಂದ್ಯಕ್ಕೆ ತಲುಪಿಸಿದವರೇ ಅವರು. ಅವರು ಗೋಥಮ್‌ಗೆ ಬಂದದ್ದು ಎರಡು ತಿಂಗಳ ಹಿಂದೆ, 2025ರ ಸೆಪ್ಟೆಂಬರಿನಲ್ಲಿ. ನಾರ್ತ್ ಕೆರೊಲಿನಾ ತಂಡದಿಂದ. ಅದಕ್ಕಾಗಿ ಗೋಥಮ್ ತೆತ್ತದ್ದು 12.5 ಲಕ್ಷ ಡಾಲರ್ ವರ್ಗಾವಣೆ ನಿಧಿ. ಈ ಲೀಗಿನೊಳಗಿನ ವರ್ಗಾವಣೆಗಳಲ್ಲಿ ಅದೊಂದು ದಾಖಲೆ. ಅದಕ್ಕೂ ಒಂದು ತಿಂಗಳ ಮೊದಲು ಒರ್ಲ್ಯಾಂಡೋ ತಂಡ ಮೆಕ್ಸಿಕೋದ ಟಿಗ್ರೆಸ್ ಕ್ಲಬ್ಬಿಗೆ ಲಿಸ್ಬೆತ್ ಒವಾಯೆ ಅವರಿಗಾಗಿ 15 ಲಕ್ಷ ಡಾಲರ್ ಕೊಟ್ಟಿತ್ತು. ಅದು ಆಗಿನ ವಿಶ್ವದಾಖಲೆ. ಈ ಎರಡು ಸಂದರ್ಭಗಳಲ್ಲಿಯೂ ಯಾವ ಆಯುಕ್ತೆಯೂ ಆಶಯದ ಮಾತೆತ್ತಲಿಲ್ಲ. ಏಕೆ? ಈ ಹಣ ಒಬ್ಬ ಮಾಲೀಕರ ಜೇಬಿನಿಂದ ಇನ್ನೊಬ್ಬ ಮಾಲೀಕರ ಜೇಬಿಗೆ ಹೋಯಿತು. ಆಟಗಾರ್ತಿಗಾಗಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಕೊಟ್ಟರೆ ಅದು ಮಹಿಳಾ ಫುಟ್‌ಬಾಲಿನ ಬೆಳವಣಿಗೆ. ಆಟಗಾರ್ತಿಗೇ ಅಷ್ಟು ಕೊಟ್ಟರೆ ಅದು ಸಮಬಲಕ್ಕೆ ಧಕ್ಕೆ. ಈ ವ್ಯತ್ಯಾಸವನ್ನು ಸಮರ್ಥಿಸುವ ಒಂದು ಮಾತನ್ನಾದರೂ ನಾನು ಇದುವರೆಗೆ ಕೇಳಿಲ್ಲ.

ಹಣವಿಲ್ಲ ಎಂಬ ಉತ್ತರ ಬರಬಹುದು. ಲೆಕ್ಕ ಹಾಕೋಣ. 2025ರಲ್ಲಿ ಲೀಗಿನಲ್ಲಿದ್ದ ತಂಡಗಳು 14. ತಲಾ 33 ಲಕ್ಷದಂತೆ ಎಲ್ಲ ತಂಡಗಳ ಸಂಬಳದ ಮೂಲ ಮಿತಿ ಸೇರಿಸಿದರೆ 4 ಕೋಟಿ 62 ಲಕ್ಷ ಡಾಲರ್. 2023ರ ನವೆಂಬರಿನಲ್ಲಿ ಈ ಲೀಗು ನಾಲ್ಕು ಪ್ರಸಾರ ಸಂಸ್ಥೆಗಳೊಡನೆ ಮಾಡಿಕೊಂಡ ಒಪ್ಪಂದದ ಮೊತ್ತ ನಾಲ್ಕು ವರ್ಷಕ್ಕೆ 24 ಕೋಟಿ. ಅಂದರೆ ವರ್ಷಕ್ಕೆ ಸರಾಸರಿ 6 ಕೋಟಿ. ಟಿಕೆಟ್ಟಿನ ಹಣ, ಜೆರ್ಸಿಯ ಹಣ, ಜಾಹೀರಾತಿನ ಹಣ ಯಾವುದನ್ನೂ ಮುಟ್ಟದೆ, ಕೇವಲ ಪ್ರಸಾರದ ಹಣದಲ್ಲೇ ಎಲ್ಲ ಮಿತಿಗಳೂ ತುಂಬಿ ಮಿಗುತ್ತವೆ. ಪ್ರಯಾಣ, ತರಬೇತುದಾರರು, ವೈದ್ಯರು, ಮೈದಾನದ ಬಾಡಿಗೆ ಎಂಬ ಖರ್ಚುಗಳಿವೆ, ನಿಜ. ಆದರೆ ಇನ್ನೊಂದು ಪಕ್ಕವನ್ನೂ ನೋಡಿ. ಡೆನ್ವರಿನ ಹೊಸ ತಂಡ ಲೀಗಿಗೆ ಸೇರಲು ಒಪ್ಪಿಕೊಂಡ ಪ್ರವೇಶ ಶುಲ್ಕ 11 ಕೋಟಿ ಡಾಲರ್. ಹದಿನಾಲ್ಕೂ ತಂಡಗಳ ಎರಡು ವರ್ಷಗಳ ಸಂಬಳದ ಮಿತಿಗಿಂತ ಅದು ಹೆಚ್ಚು. ಲಾಸ್ ಏಂಜಲಿಸಿನ ಏಂಜಲ್ ಸಿಟಿ ತಂಡ 2024ರಲ್ಲಿ ಕೈ ಬದಲಾದಾಗ ಅದಕ್ಕೆ ಕಟ್ಟಿದ ಬೆಲೆ 25 ಕೋಟಿ. ಬಡತನ ಈ ಮನೆಯ ಅಡುಗೆಕೋಣೆಯಲ್ಲಿ ಮಾತ್ರ ಕಾಣುತ್ತದೆ, ಪಡಸಾಲೆಯಲ್ಲಿ ಕಾಣುವುದಿಲ್ಲ.

ಇತಿಹಾಸವನ್ನು ಮರೆತು ಮಾತಾಡುವುದು ನ್ಯಾಯವಲ್ಲ. ಅಮೆರಿಕದಲ್ಲಿ ಇದಕ್ಕೂ ಮುಂಚೆ ಎರಡು ಮಹಿಳಾ ವೃತ್ತಿಪರ ಲೀಗುಗಳು ಹುಟ್ಟಿ ಸತ್ತಿವೆ. 2001ರಲ್ಲಿ ಆರಂಭವಾದದ್ದು 2003ರಲ್ಲಿ ಮುಚ್ಚಿತು. 2009ರಲ್ಲಿ ಆರಂಭವಾದದ್ದು ಮೂರು ಋತುಗಳಾಡಿ ನಿಂತಿತು. ಹೀಗಾಗಿ 2013ರಲ್ಲಿ ಎಂಟು ತಂಡಗಳಿಂದ ಈಗಿನ ಲೀಗು ಮೊದಲಾದಾಗ ಕೈ ಬಿಗಿ ಹಿಡಿದದ್ದು ಸಹಜ. ಆಗ ಒಂದು ತಂಡದ ಒಟ್ಟು ಸಂಬಳದ ಮಿತಿ 2 ಲಕ್ಷ ಡಾಲರ್. ಕನಿಷ್ಠ ಸಂಬಳ ಋತುವಿಗೆ 6,000, ಗರಿಷ್ಠ 30,000. ರಾಷ್ಟ್ರೀಯ ತಂಡದವರ ಸಂಬಳವನ್ನು ಫುಟ್‌ಬಾಲ್ ಒಕ್ಕೂಟಗಳು ಕೊಡುತ್ತಿದ್ದವು. ಮಿಕ್ಕವರು ಯಾರದೋ ಮನೆಯಲ್ಲಿ ಅತಿಥಿಗಳಾಗಿ ಉಳಿದು, ಬಿಡುವಿನಲ್ಲಿ ಮಕ್ಕಳಿಗೆ ಆಟ ಕಲಿಸಿ ಹೊಟ್ಟೆ ಹೊರೆಯುತ್ತಿದ್ದರು. ಆ ಲೀಗು ಉಳಿದದ್ದು ಆಟಗಾರ್ತಿಯರ ಹಸಿವಿನ ಮೇಲೆ. ಬದುಕುಳಿಯುವ ದಿನಗಳಲ್ಲಿ ಅವರು ಪಾಲು ಹಾಕಿದ್ದಾರೆ. ಈಗ ಲಾಭದ ದಿನಗಳು ಬಂದಾಗ ಆ ಪಾಲಿನ ನೆನಪು ಎಲ್ಲಿ ಹೋಯಿತು? ಆಪತ್ತಿಗೆಂದು ಮಾಡಿದ ವ್ರತವನ್ನು ಆಪತ್ತು ಕಳೆದ ಮೇಲೂ ಸೊಸೆಯೊಬ್ಬಳೇ ಆಚರಿಸಬೇಕೆನ್ನುವ ಮನೆಗಳನ್ನು ನಾವು ಕಂಡಿದ್ದೇವೆ.

ಇನ್ನು ಸಮಬಲದ ಮಾತು. ಇಂಗ್ಲೆಂಡಿನಲ್ಲಿ ಇಂಥ ಗಟ್ಟಿ ಮಿತಿಯಿಲ್ಲ. ಅಲ್ಲಿ ಚೆಲ್ಸಿ 2020ರಿಂದ 2025ರವರೆಗೆ ಸತತವಾಗಿ ಆರು ಬಾರಿ ಲೀಗ್ ಗೆದ್ದಿತು. ಅದು ಬೇಸರದ ಸಂಗತಿ, ಅಮೆರಿಕದವರ ಭಯಕ್ಕೆ ಅರ್ಥವಿದೆ ಎನ್ನುವವರಿದ್ದಾರೆ. ಇದು ಈ ವಾದದ ಅತ್ಯಂತ ಬಲವಾದ ಭಾಗ, ಆದ್ದರಿಂದ ಇದಕ್ಕೆ ಉತ್ತರ ಕೊಡಲೇಬೇಕು. ಉತ್ತರ ಕಾನ್ಸಾಸ್ ಸಿಟಿಯಲ್ಲಿದೆ. 2025ರ ಲೀಗ್ ಹಂತದಲ್ಲಿ ಕಾನ್ಸಾಸ್ ಸಿಟಿ ತಂಡ 26 ಪಂದ್ಯಗಳಲ್ಲಿ 21 ಗೆದ್ದು 65 ಅಂಕ ಗಳಿಸಿತು. ಎರಡನೆಯ ಸ್ಥಾನದ ವಾಷಿಂಗ್ಟನ್ ಗಳಿಸಿದ್ದು 44. ಒಂದೇ ಸಂಬಳದ ಮಿತಿಗೆ ಒಳಪಟ್ಟ ಎರಡು ತಂಡಗಳ ನಡುವೆ 21 ಅಂಕಗಳ ಅಂತರ! ಕಾನ್ಸಾಸ್ ಸಿಟಿಯವರ ಬಳಿ ಇದ್ದದ್ದೇನು? 2024ರಲ್ಲಿ ತೆರೆದ, ಮಹಿಳಾ ವೃತ್ತಿಪರ ತಂಡಕ್ಕೆಂದೇ ನೂರು ದಶಲಕ್ಷ ಡಾಲರಿಗೂ ಹೆಚ್ಚು ಸುರಿದು ಕಟ್ಟಿದ ಸ್ವಂತ ಕ್ರೀಡಾಂಗಣ. ಪ್ರತ್ಯೇಕ ತರಬೇತಿ ಕೇಂದ್ರ. ಆಟಗಾರ್ತಿಯರು ತಾವಾಗಿಯೇ ಹೋಗಲು ಬಯಸುವ ವಾತಾವರಣ. ಅವರ ಈ ಕೆಲಸವನ್ನು ನಾನು ಮೆಚ್ಚುತ್ತೇನೆ. ಆದರೆ ಇಟ್ಟಿಗೆ, ಗಾರೆ, ಹುಲ್ಲಿನ ಮೇಲೆ ಎಷ್ಟು ಬೇಕಾದರೂ ಹಣ ಸುರಿಯಿರಿ, ಅದಕ್ಕೆ ಮಿತಿಯಿಲ್ಲ; ಆ ಹುಲ್ಲಿನ ಮೇಲೆ ಓಡುವವಳಿಗೆ ಕೊಡುವಾಗ ಮಾತ್ರ ಮಿತಿ ಎಂದರೆ ಅದು ತಂಡಗಳ ನಡುವಿನ ಸಮಬಲವನ್ನು ಕಾಯುವ ಕ್ರಮವಲ್ಲ. ಹಣ ನೀರಿನಂತೆ, ಒಂದು ತೂಬು ಮುಚ್ಚಿದರೆ ಇನ್ನೊಂದರಲ್ಲಿ ಹರಿಯುತ್ತದೆ. ಇಲ್ಲಿ ಮುಚ್ಚಿರುವ ತೂಬು ಯಾವುದೆಂಬುದನ್ನು ನೋಡಿದರೆ ಸಾಕು. ಅಂದ ಹಾಗೆ, ಅಷ್ಟು ಬಲಿಷ್ಠ ಕಾನ್ಸಾಸ್ ಸಿಟಿಯನ್ನು ಕ್ವಾರ್ಟರ್ ಫೈನಲಿನಲ್ಲಿಯೇ ಮನೆಗೆ ಕಳಿಸಿದ್ದು ಇದೇ ಗೋಥಮ್. ಅದನ್ನು ಸಾಧಿಸಿದ್ದು ಒಂದು ಪಂದ್ಯಕ್ಕೆ ಮುಗಿಯುವ ನಾಕೌಟ್ ಪದ್ಧತಿ. ಯಾವ ಸಂಬಳದ ನಿಯಮವೂ ಅಲ್ಲ.

ಮಿತಿಯನ್ನು ಮೀರಿದರೆ ಶಿಕ್ಷೆ ಯಾರಿಗೆ? ಏಂಜಲ್ ಸಿಟಿಯ ಪ್ರಸಂಗ ಇದನ್ನು ತಿಳಿಸುತ್ತದೆ. 2024ರ ಅಕ್ಟೋಬರಿನಲ್ಲಿ ಆ ತಂಡ ಕೆಲವು ಆಟಗಾರ್ತಿಯರೊಡನೆ ಲೀಗಿಗೆ ತಿಳಿಸದೆ ಪ್ರತ್ಯೇಕ ಪತ್ರದ ಮೂಲಕ ಕರಾರು ಮಾಡಿಕೊಂಡಿತ್ತೆಂದೂ, ಅದರಿಂದ ನಾಲ್ಕು ವಾರಗಳ ಕಾಲ ಸುಮಾರು 50,000 ಡಾಲರಿನಷ್ಟು ಮಿತಿ ಮೀರಿತ್ತೆಂದೂ ಲೀಗು ಪ್ರಕಟಿಸಿತು. ದಂಡ 2 ಲಕ್ಷ ಡಾಲರ್. ಇಬ್ಬರು ಅಧಿಕಾರಿಗಳ ಅಮಾನತು. ಜೊತೆಗೆ ಅಂಕಪಟ್ಟಿಯಿಂದ ಮೂರು ಅಂಕ ಕಡಿತ. ಗುಟ್ಟಾಗಿ ಕರಾರು ಬರೆದದ್ದು ತಪ್ಪು, ಅದರಲ್ಲಿ ವಾದವಿಲ್ಲ. ಆದರೆ 25 ಕೋಟಿ ಬೆಲೆಯ ಸಂಸ್ಥೆ ಅದೇ ವರ್ಷ 50 ಸಾವಿರದಷ್ಟನ್ನು ತನ್ನ ಆಟಗಾರ್ತಿಯರಿಗೆ ಹೆಚ್ಚು ಕೊಟ್ಟದ್ದಕ್ಕಾಗಿ, ಮೈದಾನದಲ್ಲಿ ಬೆವರು ಸುರಿಸಿ ಗಳಿಸಿದ ಒಂದು ಇಡೀ ಗೆಲುವನ್ನು ಕಸಿದುಕೊಂಡದ್ದು ಯಾರಿಂದ? ಆಡಿದವರಿಂದ. ಕಚೇರಿಯಲ್ಲಿ ಸಹಿ ಹಾಕಿದವರ ತಪ್ಪಿಗೆ ಗೋಲು ಹೊಡೆದವರ ಅಂಕ ಹೋಯಿತು.

ಈ ಮಿತಿಗೆ ಆಟಗಾರ್ತಿಯರ ಸಂಘವೇ 2024ರ ಸಾಮೂಹಿಕ ಒಪ್ಪಂದದಲ್ಲಿ ಸಹಿ ಹಾಕಿದೆಯಲ್ಲ ಎಂದು ಯಾರಾದರೂ ನನ್ನ ಬಾಯಿ ಮುಚ್ಚಿಸಲು ಬರಬಹುದು. ಹಾಕಿದೆ. ಆ ಒಪ್ಪಂದದಲ್ಲಿ ಬೇರೆ ಏನೇನಿದೆ ಎಂಬುದನ್ನೂ ಅವರು ಓದಬೇಕು. ಡ್ರಾಫ್ಟ್ ಪದ್ಧತಿಯನ್ನು ಅದು ಪೂರ್ತಿಯಾಗಿ ಕಿತ್ತೆಸೆಯಿತು. ಕಾಲೇಜು ಮುಗಿಸಿದ ಹುಡುಗಿ ಎಲ್ಲಿ ಆಡಬೇಕೆಂಬುದನ್ನು ತಂಡಗಳು ಸರದಿಯಂತೆ ಹಂಚಿಕೊಳ್ಳುವ ಈ ಪದ್ಧತಿಯನ್ನು ಅಮೆರಿಕದ ಯಾವ ದೊಡ್ಡ ವೃತ್ತಿಪರ ಲೀಗೂ ಅದುವರೆಗೆ ಬಿಟ್ಟಿರಲಿಲ್ಲ. ಆಟಗಾರ್ತಿಯ ಒಪ್ಪಿಗೆಯಿಲ್ಲದೆ ಆಕೆಯನ್ನು ಇನ್ನೊಂದು ತಂಡಕ್ಕೆ ದಾಟಿಸುವಂತಿಲ್ಲ ಎಂದೂ ಬರೆಯಲಾಯಿತು. ಅದಕ್ಕೆ ಮುಂಚೆ? ಮುಂಚೆ ಒಂದು ದೂರವಾಣಿ ಕರೆ ಬಂದರೆ ಮುಗಿಯಿತು. ಗಂಟುಮೂಟೆ ಕಟ್ಟಿ ಇನ್ನೊಂದು ಊರಿಗೆ ಹೊರಡಬೇಕಿತ್ತು. ಕರಾರು ಆಕೆಯ ಹೆಸರಿನಲ್ಲಿತ್ತು, ಹಕ್ಕು ತಂಡದ ಹೆಸರಿನಲ್ಲಿತ್ತು.

ಈ ನಿಯಮಗಳನ್ನು ಬರಿಯ ಹಣಕಾಸಿನ ವಿಷಯವೆಂದು ತಿಳಿಯುವವರು 2021ರ ಅಕ್ಟೋಬರ್ 6ರ ರಾತ್ರಿಯನ್ನು ನೆನಪಿಸಿಕೊಳ್ಳಬೇಕು. ಅಂದಿನ ಪಂದ್ಯಗಳಲ್ಲಿ ಆರನೆಯ ನಿಮಿಷಕ್ಕೆ ಎರಡೂ ತಂಡಗಳ ಆಟಗಾರ್ತಿಯರು ಆಟ ನಿಲ್ಲಿಸಿ ನಡುಗೆರೆಯ ವೃತ್ತದಲ್ಲಿ ತೋಳಿಗೆ ತೋಳು ಸೇರಿಸಿ ಮೌನವಾಗಿ ನಿಂತರು. ಮಾನಾ ಶಿಮ್ ಮತ್ತು ಸಿನೇಡ್ ಫ್ಯಾರೆಲಿ ಎಂಬ ಇಬ್ಬರು ತರಬೇತುದಾರ ಪಾಲ್ ರೈಲಿಯ ವಿರುದ್ಧ ಮಾಡಿದ ಆರೋಪ ಲೋಕದ ಕಿವಿಗೆ ಬೀಳಲು ಆರು ವರ್ಷ ಹಿಡಿದಿತ್ತು. ಅದಕ್ಕೇ ಆರನೆಯ ನಿಮಿಷ. (ರೈಲಿ ಆರೋಪಗಳನ್ನು ನಿರಾಕರಿಸಿದ್ದಾರೆ.) 2022ರಲ್ಲಿ ಸ್ಯಾಲಿ ಯೇಟ್ಸ್ ಅವರ ತನಿಖಾ ವರದಿ ಈ ಲೀಗಿನಲ್ಲಿ ದೌರ್ಜನ್ಯ ವ್ಯವಸ್ಥೆಯ ಭಾಗವಾಗಿಯೇ ಬೇರೂರಿತ್ತೆಂದು ಹೇಳಿತು. ನಾನು ಗಮನಿಸಬೇಕೆನ್ನುವುದು ಈ ಪ್ರಕರಣದ ಒಂದು ಸಣ್ಣ ವಿವರ. 2015ರಲ್ಲಿ ದೂರು ಬಂದ ಬಳಿಕ ರೈಲಿ ಪೋರ್ಟ್‌ಲ್ಯಾಂಡ್ ತಂಡವನ್ನು ಬಿಟ್ಟರು. ಮುಂದಿನ ಋತುವಿಗೇ ಅದೇ ಲೀಗಿನ ಇನ್ನೊಂದು ತಂಡದ ತರಬೇತುದಾರರಾದರು. ಅವರು ಹೋಗಲು ಸ್ವತಂತ್ರರು, ಸೇರಿಸಿಕೊಳ್ಳುವವರೂ ಸ್ವತಂತ್ರರು. ಆಟಗಾರ್ತಿಗೆ ಮಾತ್ರ ತನ್ನ ಇಚ್ಛೆಯಂತೆ ತಂಡ ಬದಲಿಸುವ ಹಾದಿ ಇರಲಿಲ್ಲ. ಓಡಿಹೋಗಲು ಬಾಗಿಲಿಲ್ಲದ ಮನೆಯಲ್ಲಿ ಯಜಮಾನನ ಗುಣವೇ ಸೊಸೆಯ ವಿಧಿ. ಪಟ್ಟಿಯ ನಿಯಮ ಎಂದರೆ ಆ ಬಾಗಿಲು. ಫ್ಯಾರೆಲಿ ಹಲವು ವರ್ಷ ಆಟದಿಂದ ದೂರವಿದ್ದು 2023ರಲ್ಲಿ ಗೋಥಮ್ ಸೇರಿ ಮರಳಿ ಆಡಿದರು. ಆ ವರ್ಷವೂ ಗೋಥಮ್ ಚಾಂಪಿಯನ್ ಆಯಿತು.

ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮವರಿಗೆ ಈ ವಿಷಯವನ್ನು ಅರ್ಥ ಮಾಡಿಸಲು ಅಮೆರಿಕದ ತನಕ ಹೋಗಬೇಕಿಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಕಲಾವಿದ ಮುಂದಿನ ತಿರುಗಾಟಕ್ಕೆ ಯಾವ ಮೇಳವೆಂಬುದನ್ನು ತಾನೇ ಮಾತಾಡಿಕೊಳ್ಳುತ್ತಾನೆ. ಮುಂಗಡದ ಋಣ, ದಾಕ್ಷಿಣ್ಯದ ಕಟ್ಟು ಇರಬಹುದು. ಆದರೆ ಎಲ್ಲ ಮೇಳಗಳ ಯಜಮಾನರೂ ಒಂದೆಡೆ ಕೂತು, ಯಾವ ಮೇಳವೂ ತನ್ನ ಭಾಗವತ, ಮದ್ದಳೆಗಾರ, ವೇಷಧಾರಿಗಳಿಗೆ ಒಟ್ಟಾರೆ ಇಷ್ಟಕ್ಕಿಂತ ಹೆಚ್ಚು ಕೊಡಕೂಡದು, ಇಲ್ಲವಾದರೆ ಮೇಳಗಳ ಸಮಬಲ ಕೆಡುತ್ತದೆ ಎಂದು ತೀರ್ಮಾನಿಸಿದರೆಂದು ಊಹಿಸಿ. ನಮ್ಮ ಹಿರಿಯರು ಅದಕ್ಕೆ ಏನೆನ್ನುತ್ತಿದ್ದರು? ಎರಡು ಬೀದಿಗಳ ಉಡುಪಿ ಹೋಟೆಲಿನ ಧಣಿಗಳು ದೋಸೆ ಭಟ್ಟರಿಗೆ ಇಂತಿಷ್ಟೇ ಸಂಬಳ ಎಂದು ಒಳಗೊಳಗೇ ಒಪ್ಪಿಕೊಂಡರೆ ಅದನ್ನು ಸಮಬಲ ಎನ್ನುತ್ತೇವೆಯೇ? ಅದಕ್ಕೆ ನಮ್ಮಲ್ಲಿ ಬೇರೆ ಮಾತಿದೆ. ಈ ಅಂಕಣದಲ್ಲಿ ಬರೆಯುವಂಥದ್ದಲ್ಲ.

ಮರಳಿ ರಾಡ್‌ಮನ್ ಕಡೆಗೆ. ತಕರಾರು ದಾಖಲಾದ ಕೆಲವೇ ವಾರಗಳಲ್ಲಿ, 2025ರ ಡಿಸೆಂಬರ್ ಕೊನೆಗೆ, ಲೀಗು ಒಂದು ಹೊಸ ನಿಯಮ ಹೊರಡಿಸಿತು. ಅತಿ ಪ್ರಭಾವಿ ಆಟಗಾರ್ತಿಯರಿಗಾಗಿ ಪ್ರತಿ ತಂಡವೂ ಮಿತಿಗಿಂತ ಹತ್ತು ಲಕ್ಷ ಡಾಲರಿನವರೆಗೆ ಹೆಚ್ಚು ಕೊಡಬಹುದು. 2026ರ ಜುಲೈ 1ರಿಂದ ಜಾರಿ. ಹಾಗಾದರೆ ಹಣ ಇತ್ತು! ನವೆಂಬರಿನಲ್ಲಿ ಆಶಯಕ್ಕೆ ಭಂಗವಾಗಿದ್ದದ್ದು ಡಿಸೆಂಬರಿನಲ್ಲಿ ಹೇಗೆ ಭಂಗವಾಗಲಿಲ್ಲ? ಕಾರಣ ಸರಳ. ಮೊದಲ ಸಲ ಹಣ ಕೊಡಬೇಕೆಂದವರು ಒಂದು ತಂಡ ಮತ್ತು ಒಬ್ಬ ಆಟಗಾರ್ತಿ. ಎರಡನೆಯ ಸಲ, ಯಾರಿಗೆ ಕೊಡಬಹುದೆಂದು ಹೇಳುವ ಅಧಿಕಾರ ಲೀಗಿನ ಕೈಯಲ್ಲೇ ಉಳಿಯಿತು.

ಅತಿ ಪ್ರಭಾವಿ ಎಂದು ತೀರ್ಮಾನಿಸುವುದು ಹೇಗೆಂದು ಕೇಳಿದರೆ ನಗು ಬರುತ್ತದೆ. ಲಂಡನ್ನಿನ ಗಾರ್ಡಿಯನ್ ಪತ್ರಿಕೆಯ ನೂರು ಆಟಗಾರ್ತಿಯರ ಪಟ್ಟಿಯಲ್ಲಿ ಮೊದಲ ನಲವತ್ತರೊಳಗೆ ಬಂದಿರಬೇಕು; ಅಥವಾ ಒಂದು ಕ್ರೀಡಾ ವಾಹಿನಿಯ ಪಟ್ಟಿಯಲ್ಲಿ; ಅಥವಾ ಬ್ಯಾಲನ್ ಡಿ'ಓರ್ ಪ್ರಶಸ್ತಿಯ ಮೊದಲ ಮೂವತ್ತರಲ್ಲಿ; ಅಥವಾ ಅಮೆರಿಕದ ರಾಷ್ಟ್ರೀಯ ತಂಡದಲ್ಲಿ ಹೆಚ್ಚು ನಿಮಿಷ ಆಡಿದ ಹನ್ನೊಂದು ಮಂದಿಯಲ್ಲಿ. ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆಯುಳ್ಳ 150 ಕ್ರೀಡಾಪಟುಗಳ ಪಟ್ಟಿಯೂ ಅರ್ಹತೆಯ ಒಂದು ದಾರಿ. ಒಬ್ಬ ಆಟಗಾರ್ತಿಯ ದುಡಿಮೆಯ ಬೆಲೆಯನ್ನು ಪತ್ರಕರ್ತರ ವರ್ಷಾಂತ್ಯದ ಪಟ್ಟಿಗೆ ಕಟ್ಟಿಹಾಕಿದರೆ, ಪಟ್ಟಿಗೆ ಮತ ಹಾಕುವ ಆ ಪತ್ರಕರ್ತರು ತಮಗರಿವಿಲ್ಲದೆಯೇ ಲೀಗಿನ ಸಂಬಳ ಗುಮಾಸ್ತರಾಗುತ್ತಾರೆ. ಬಲಬದಿಯ ರಕ್ಷಣೆಯಲ್ಲಿ ತೊಂಬತ್ತು ನಿಮಿಷ ಸದ್ದಿಲ್ಲದೆ ಎದುರಾಳಿಯನ್ನು ಕಟ್ಟಿಹಾಕುವವಳ ಹೆಸರು ಯಾವ ಪಟ್ಟಿಯಲ್ಲಿ ಬರುತ್ತದೆ? ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಅವಳು ಚೆಂಡು ಬರಬಾರದ ಜಾಗವನ್ನು ಕಾಯುತ್ತಾಳೆ.

ಸಂಘ ಈ ನಿಯಮವನ್ನೂ ವಿರೋಧಿಸಿತು. ಸಂಬಳದ ನಿಯಮವನ್ನು ಚೌಕಾಶಿಯಿಲ್ಲದೆ ಒಂದು ಕಡೆಯವರು ಮಾತ್ರ ಬದಲಿಸುವಂತಿಲ್ಲ ಎಂಬುದು ಅದರ ನಿಲುವು. ಕೇಳಿದರೆ ಸಾಕು, ಒಪ್ಪಿಸಬೇಕಿಲ್ಲ ಎಂಬುದು ಲೀಗಿನ ನಿಲುವು. ಹೆಚ್ಚು ಹಣ ಕೊಡುತ್ತೇವೆಂದರೂ ಬೇಡವೆನ್ನುವ ಸಂಘ ಎಂಥದ್ದು ಎಂದು ಕೆಲವರು ಲೇವಡಿ ಮಾಡಿದರು. ನನಗೆ ಸಂಘದ ಬುದ್ಧಿ ಸರಿಯೆಂದೇ ತೋರುತ್ತದೆ. ಅದರ ಬೇಡಿಕೆ ಇದ್ದದ್ದು, ಮುಂದೆ ಬರಲಿರುವ ಆದಾಯದ ಪಾಲನ್ನು ಅಂದಾಜು ಮಾಡಿ ಇಡೀ ತಂಡದ ಮಿತಿಯನ್ನೇ ಏರಿಸಿ ಎಂದು. ಆಗ ತಂಡ ತನಗೆ ಬೇಕಾದಂತೆ ಹಂಚಬಹುದು: ರಾಡ್‌ಮನ್‌ಗೆ ಹೆಚ್ಚು ಕೊಡಬಹುದು, ಇಲ್ಲವೇ ಐವರು ರಕ್ಷಕಿಯರಿಗೆ. 2025ರಲ್ಲಿ ಈ ಲೀಗಿನ ಕನಿಷ್ಠ ಸಂಬಳ 48,500 ಡಾಲರ್. ಹತ್ತು ಲಕ್ಷದ ಹೊಸ ತೂಬು ತೆರೆದಾಗ ಅದರ ಒಂದು ಹನಿಯೂ ಈ 48,500ರವಳ ಕಡೆ ಹರಿಯದಂತೆ ಕಟ್ಟೆ ಕಟ್ಟಿದವರು, ನಾಳೆ ಅವಳೆದುರು ನಿಂತು, ನಿನ್ನ ಸಂಬಳ ಏರದಿರುವುದು ರಾಡ್‌ಮನ್‌ನಿಂದ ಎಂದು ಬೆರಳು ತೋರಿಸುತ್ತಾರೆ. ಜನವರಿಯಲ್ಲಿ ರಾಡ್‌ಮನ್ 2028ರವರೆಗೆ ವಾಷಿಂಗ್ಟನ್ನಿನಲ್ಲೇ ಉಳಿಯುವ ಕರಾರಿಗೆ ಸಹಿ ಹಾಕಿದರು. ಒಬ್ಬರ ಪ್ರಶ್ನೆ ತೀರಿತು. ಸಂಘದ ಪ್ರಶ್ನೆ ಹಾಗೆಯೇ ನಿಂತಿತು.

ನಮ್ಮ ಕನ್ನಡ ಬಳಗದ ಕೂಟಗಳಲ್ಲಿ ಇದನ್ನೆಲ್ಲ ಹೇಳಿದಾಗ, ಅದೆಲ್ಲ ಅಮೆರಿಕದ ಕಥೆ, ನಮಗೇನು ಎಂಬ ಮಾತು ಬರುವುದುಂಟು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ಕ್ರಿಕೆಟ್ ವಿಶ್ವಕಪ್ ಗೆದ್ದಾಗ ನಮ್ಮಲ್ಲಿ ಎಷ್ಟೋ ಮಂದಿ ನೆರೂಲ್ ಸ್ಟೇಷನ್ನಿನಲ್ಲಿ ಕಿಕ್ಕಿರಿದ ಗಾಡಿ ಹತ್ತಿದವರು. ಅದೇ ತಿಂಗಳ 27ರಂದು ದೆಹಲಿಯಲ್ಲಿ ಅದೇ ಆಟಗಾರ್ತಿಯರಲ್ಲಿ ಹಲವರನ್ನು ಹರಾಜಿಗಿಟ್ಟರು. ಆ ವಿಶ್ವಕಪ್ಪಿನ ಶ್ರೇಷ್ಠ ಆಟಗಾರ್ತಿ ದೀಪ್ತಿ ಶರ್ಮಾ ಅವರನ್ನು ಉತ್ತರ ಪ್ರದೇಶದ ತಂಡ ಮೊದಲು ಬಿಟ್ಟುಕೊಟ್ಟು, ಹರಾಜಿನಲ್ಲಿ ಇನ್ನೊಂದು ತಂಡ ಕೂಗಿದ ಬಳಿಕ ತನ್ನ ಹಳೆಯ ಹಕ್ಕನ್ನು ಚಲಾಯಿಸಿ 3.2 ಕೋಟಿಗೆ ಮರಳಿ ಪಡೆಯಿತು. ಪತ್ರಿಕೆಗಳು ಎಂದಿನಂತೆ ಕೋಟಿ ಒಡತಿ ಎಂದು ಬರೆದವು. ಒಡತಿಗೆ ತಾನು ಎಲ್ಲಿ ಆಡಬೇಕೆಂದು ಹೇಳುವ ಒಂದು ಮಾತೂ ಆ ಕೋಣೆಯಲ್ಲಿ ಇರಲಿಲ್ಲ.

ಇಲ್ಲಿಯ ಲೆಕ್ಕ ಅಲ್ಲಿಯದಕ್ಕಿಂತ ಕಟುವಾಗಿದೆ. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗಿನ ಐದು ತಂಡಗಳ ಮಾರಾಟದಿಂದ ಮಂಡಳಿಗೆ ಒದಗಿದ ಮೊತ್ತ 4,669.99 ಕೋಟಿ ರೂಪಾಯಿ. ಬೆಂಗಳೂರು ತಂಡಕ್ಕೆ 901 ಕೋಟಿ, ಮುಂಬಯಿ ತಂಡಕ್ಕೆ 912.99 ಕೋಟಿ. ಪ್ರಸಾರದ ಹಕ್ಕು ಐದು ವರ್ಷಕ್ಕೆ 951 ಕೋಟಿ, ಅಂದರೆ ವರ್ಷಕ್ಕೆ ಸುಮಾರು 190 ಕೋಟಿ. ಮೊದಲ ಹರಾಜಿನಲ್ಲಿ ಒಂದು ತಂಡ ಆಟಗಾರ್ತಿಯರಿಗೆ ಖರ್ಚು ಮಾಡಬಹುದಾಗಿದ್ದದ್ದು 12 ಕೋಟಿ; ಐದೂ ತಂಡ ಸೇರಿ 60 ಕೋಟಿ. ಸ್ಮೃತಿ ಮಂಧಾನ ಅವರಿಗೆ ಬೆಂಗಳೂರು 3.4 ಕೋಟಿ ಕೊಟ್ಟಿತೆಂದು ನಾವು ಕನ್ನಡಿಗರು ಎದೆ ಉಬ್ಬಿಸಿದೆವು, 2024ರಲ್ಲಿ ಆ ತಂಡ ಪ್ರಶಸ್ತಿ ಗೆದ್ದಾಗ ಮತ್ತಷ್ಟು. ಉಬ್ಬಿಸಬೇಕಾದದ್ದೇ. ಆದರೆ 12 ಕೋಟಿಯ ಮಿತಿ ಏಕೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅಮೆರಿಕದಲ್ಲಿ ತಕರಾರು ದಾಖಲಿಸಲು ಒಂದು ಸಂಘವಿದೆ. ಭಾರತದಲ್ಲಿ ಮಂಡಳಿ ಮಾನ್ಯತೆ ಕೊಟ್ಟಿರುವ ಕ್ರಿಕೆಟಿಗರ ಸಂಘ ನಿವೃತ್ತರಿಗೆ ಮಾತ್ರ. ಆಡುತ್ತಿರುವವರಿಗೆ ಅದರಲ್ಲಿ ಜಾಗವಿಲ್ಲ. ಇಲ್ಲಿ ತಕರಾರಿನ ಅರ್ಜಿಯನ್ನು ಯಾವ ಕಿಟಕಿಯಲ್ಲಿ ಕೊಡಬೇಕು?

ಫುಟ್‌ಬಾಲಿಗೆ ಬಂದರೆ ನಮ್ಮಲ್ಲಿ ಮಿತಿಯ ಮಾತೇ ಬೇಡ, ನೆಲದ ಮಾತಾಡಬೇಕು. ಭಾರತೀಯ ಮಹಿಳಾ ಲೀಗಿನಲ್ಲಿ 2024-25ರ ಋತುವಿನಲ್ಲಿ ಎಂಟು ತಂಡಗಳು ತಲಾ 14 ಪಂದ್ಯ ಆಡಿದವು. ಜನವರಿಯಲ್ಲಿ ಆರಂಭ, ಏಪ್ರಿಲಿನಲ್ಲಿ ಮುಕ್ತಾಯ. ಮಿಕ್ಕ ತಿಂಗಳು ಆಟಗಾರ್ತಿಯ ತಲೆನೋವು. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಅಹಮದಾಬಾದಿನಲ್ಲಿ ಫೈನಲ್ ತಲುಪಿ ಗೋಕುಲಂ ಕೇರಳದ ಎದುರು 5-0 ಅಂತರದಿಂದ ಸೋತಾಗ, ಕನ್ನಡದ ಎಷ್ಟು ಮಂದಿಗೆ ಅಂಥದೊಂದು ತಂಡ ಇದೆಯೆಂದಾದರೂ ಗೊತ್ತಿತ್ತು? ಅದೇ ಗೋಕುಲಂ ತಂಡ ಅದಕ್ಕೆ ಹಿಂದಿನ ವರ್ಷ, 2022ರ ಆಗಸ್ಟಿನಲ್ಲಿ, ಏಷ್ಯಾದ ಕ್ಲಬ್ ಟೂರ್ನಿಗೆಂದು ತಾಷ್ಕೆಂಟಿಗೆ ಹೋಗಿ ಇಳಿಯುವಷ್ಟರಲ್ಲಿ ಫಿಫಾ ನಮ್ಮ ಒಕ್ಕೂಟವನ್ನು ಅಮಾನತುಗೊಳಿಸಿತ್ತು. ಒಕ್ಕೂಟದ ಕುರ್ಚಿಯ ಜಗಳಕ್ಕೂ ಆ ಹುಡುಗಿಯರಿಗೂ ಯಾವ ಸಂಬಂಧವೂ ಇರಲಿಲ್ಲ. ಪ್ರಧಾನಿಗೆ ಮೊರೆಯಿಟ್ಟು, ಹೋಟೆಲಿನಲ್ಲಿ ಕಾದು, ಒಂದು ಪಂದ್ಯವನ್ನೂ ಆಡದೆ ಮರಳಿದರು. ಹತ್ತೇ ದಿನದಲ್ಲಿ ನಿಷೇಧ ತೆರವಾಯಿತು. ಅವರ ಟೂರ್ನಿ ಮಾತ್ರ ಕಾಯಲಿಲ್ಲ. ನಿಯಮ ಮಾಡುವವರ ಮೇಜಿನ ಬಳಿ ಆಡುವವರಿಗೆ ಕುರ್ಚಿ ಇಲ್ಲದಿದ್ದರೆ ಆಗುವುದು ಹೀಗೆ.

ಒಂದು ಒಳ್ಳೆಯ ಹೆಜ್ಜೆಯನ್ನು ಒಪ್ಪಿಕೊಳ್ಳಲೇಬೇಕು. 2023ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ, ಮಹಿಳಾ ಲೀಗಿನ ಅಗ್ರ ಎಂಟು ಕ್ಲಬ್ಬುಗಳು ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಕರಾರು ಕೊಡಬೇಕೆಂದು ಪ್ರಕಟಿಸಿತು. ಮೇಲ್ಮಿತಿಗಿಂತ ಕೆಳಮಿತಿಯನ್ನು ಮೊದಲು ಬರೆದದ್ದಕ್ಕೆ ಅವರನ್ನು ಮೆಚ್ಚೋಣ. ತಿಂಗಳಿಗೆ ಹಂಚಿದರೆ ಸುಮಾರು 26,700 ರೂಪಾಯಿ. ಮುಂಬಯಿಯಲ್ಲಿ ಅಷ್ಟಕ್ಕೆ ಒಂದು ಕೋಣೆ ಬಾಡಿಗೆ, ಮೂರು ಹೊತ್ತಿನ ಊಟ, ಲೋಕಲ್ಲಿನ ಪಾಸು, ವರ್ಷಕ್ಕೆರಡು ಜೊತೆ ಬೂಟು. ಇನ್ನು ಮುಂದೆ ಒಕ್ಕೂಟ ಮಾಡಬೇಕಾದದ್ದು ಎರಡು. ಕರಾರಿನ ನಡುವೆ ಆಟಗಾರ್ತಿಯ ಒಪ್ಪಿಗೆಯಿಲ್ಲದೆ ಆಕೆಯನ್ನು ಬೇರೆ ಕ್ಲಬ್ಬಿಗೆ ದಾಟಿಸುವಂತಿಲ್ಲವೆಂದು ಇಂದೇ, ಲೀಗು ಬಡವಾಗಿರುವಾಗಲೇ, ಬರೆದಿಡಲಿ. ಹಣ ಬಂದ ಮೇಲೆ ಇದನ್ನು ಬರೆಯಲು ಯಾವ ಮಾಲೀಕರೂ ಬಿಡುವುದಿಲ್ಲ. ಎರಡನೆಯದು ಆ ಹತ್ತು ಎಂಬ ಅಂಕಿ. ಮೈದಾನಕ್ಕೆ ಇಳಿಯುವವರು ಹನ್ನೊಂದು ಮಂದಿ, ಪಟ್ಟಿಯಲ್ಲಿ ಇರುವವರು ಇಪ್ಪತ್ತಕ್ಕೂ ಹೆಚ್ಚು. ಹನ್ನೊಂದನೆಯವಳಿಂದ ಕೊನೆಯವಳವರೆಗೆ ಕ್ಲಬ್ಬುಗಳು ಏನು ಬರೆದುಕೊಡುತ್ತಿವೆಯೆಂಬುದನ್ನು ಒಕ್ಕೂಟ ಮುಂದಿನ ಋತುವಿಗೆ ಮುನ್ನ ಬಹಿರಂಗಪಡಿಸಲಿ.